ಬಾವಿ ಮೇಲಿನ ತಗಡು

ನಗಬೇಡಿ. ನಕ್ಕರೆ ಇಲ್ಲಿಗೇ ನಿಲ್ಲಿಸ್ತೀನಿ.

ಇದು ನನ್ನ ದೊಡ್ಡಪ್ಪನ ಮಗ ನಿಕಾನೋರ್‌ಗೆ ಆದದ್ದು. ಅವನ ಪಕ್ಕದಲ್ಲೇ ನಾನಿದ್ದೆ. ಎಷ್ಟು ಹತ್ತಿರ ಅಂದ್ರೆ, ಅವನು ಉಸಿರು ಬಿಟ್ಟರೆ ನನ್ನ ಮೀಸೆ ಅಲ್ಲಾಡಬೇಕು. ಈ ಕ್ರಿಸ್ಪಿನ್, ಅಂದ್ರೆ ನಾನು, ತನ್ನ ಜನ್ಮದಲ್ಲಿ ಸುಳ್ಳು ಹೇಳಿದ್ದು ಹೆಂಡತಿಗೆ ಮಾತ್ರ. ಅವಳೂ ನಂಬಲಿಲ್ಲ ಬಿಡಿ.

ಕೊರಿಯಾ ಯುದ್ಧದಿಂದ ನಾನು ವಾಪಸು ಬಂದು ಮೂರೋ ನಾಲ್ಕೋ ವರ್ಷ ಆಗಿತ್ತು. ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ರಾತ್ರಿ. ನಾನೂ ಅವನೂ ಕಸಾಯಿಖಾನೆಯಿಂದ ದನದ ತಲೆ ಹೊತ್ತು ಮನೆಗೆ ಬರ್ತಿದ್ವಿ. ಚರ್ಮ ಸುಲಿದ ತಲೆ, ಗೋಣಿಚೀಲದಲ್ಲಿ. ಅವನ ಬೆನ್ನ ಮೇಲೆ ಒಂದು, ನನ್ನ ಬೆನ್ನ ಮೇಲೆ ಎರಡು. ಈಗಿನವರಿಗೆ ಒಂದನ್ನ ಎತ್ತೋಕೆ ಇಬ್ಬರು ಬೇಕು. ಚೀಲದಿಂದ ರಕ್ತ ನನ್ನ ಬೂಟಿನ ಮೇಲೆ ಬೀಳ್ತಿತ್ತು… ತಪ್… ತಪ್… ತಪ್…

ದಾರಿಯಲ್ಲಿ ಬಾವಿ. ನಮ್ಮ ಲಾ ನೋರಿಯಾ ಊರಿನ ಹಳೇ ಬಾವಿ. ಟೆಕ್ಸಾಸಿನ ಆ ಮೂಲೆಯಲ್ಲಿ, ನದಿ ದಂಡೆಯಲ್ಲಿ, ಊರು ಹುಟ್ಟೋ ಮುಂಚೆ ಆ ಬಾವಿ ಇತ್ತು. ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಮೇಲೆ ದಪ್ಪ ತಗಡಿನ ಮುಚ್ಚಳ. ಆ ದಾರಿಯಲ್ಲಿ ಹೋಗೋರೆಲ್ಲ, ಗಂಡಸಾಗಲಿ ಹೆಂಗಸಾಗಲಿ, ಆ ತಗಡಿನ ಮೇಲೆ ಒಂದು ಗಳಿಗೆ ಕೂತು ಸುಧಾರಿಸಿಕೊಂಡೇ ಮುಂದೆ ಹೋಗೋದು. ನಾವೂ ಕೂತ್ವಿ. ತಗಡು ಡಬ್ ಅಂತ ಒಳಕ್ಕೆ ತಗ್ಗಿತು… ಡುಬ್ ಅಂತ ಮೇಲಕ್ಕೆ ಬಂತು.

ಬಾವಿಯಾಚೆ ಒಂದು ಗುಡಿಸಲು. ದೀಪ ಇರಲಿಲ್ಲ. ದೀಪ ಯಾರಿಗೆ ಬೇಕು? ಅದರೊಳಗೆ ಇದ್ದದ್ದು ನಮ್ಮ ಎಲೋಯ್ಸಾ ಅತ್ತೆ. ಎರಡು ಕಣ್ಣಿಗೂ ಪೊರೆ ಬಂದು ಬೇಯಿಸಿದ ಮೊಟ್ಟೆ ಹಾಗೆ ಆಗಿದ್ವು.

"ನಿಕಾ…?" ಕತ್ತಲೊಳಗಿಂದ ಕರೆದಳು.

ನಿಕಾನೋರ್ ನನ್ನ ಮೊಣಕೈ ಹಿಡಿದ. "ಮಾತಾಡ್ಬೇಡ," ಅಂತ ಪಿಸುಗುಟ್ಟಿದ.

"ನಿಕಾ… ನಿನ್ನ ಹೆಜ್ಜೆ ನನಗೆ ಗೊತ್ತಾಗಲ್ವೇನೋ? ಜೊತೆಗೆ ಕ್ರಿಸ್ಪಿನ್ ಇದಾನೆ. ಅವನು ಕಾಲೆಳೀತಾನೆ."

"ನಾನಿಲ್ಲ," ಅಂದೆ ನಾನು.

ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿ, ಪುಸ್ ಪುಸ್ ಅಂತ ನಗು. "ನೀನಿಲ್ಲ ಅಂತ ನೀನೇ ಹೇಳಿದ ಮೇಲೆ ಸರಿ ಬಿಡು. ನಿಕಾ, ನಾಡಿದ್ದು ಭಾನುವಾರ ನನ್ನ ಪಾಲು ಕಳಿಸ್ತೀಯಾ?"

"ಕಳಿಸ್ತೀನಿ ಅತ್ತೆ. ಮಲಕ್ಕೋ."

"ಎರಡು ಭಾನುವಾರ ಆಯ್ತು ಕಣೋ…"

ಅವನು ಎದ್ದ. ಡುಬ್ ಅಂತು ತಗಡು.

ಪಾಲು ಅಂದ್ರೆ ಕಣ್ಣು. ನಮ್ಮಲ್ಲಿ ತಲೆ ಹೊಂಡದಲ್ಲಿ ಬೆಂದು ಮೇಲೆ ಬಂದಾಗ ಕೆನ್ನೆ ಮಾಂಸ ನೆಂಟರಿಗೆ, ನಾಲಗೆ ಮನೆ ಯಜಮಾನನಿಗೆ, ಕಣ್ಣು ಎರಡೂ ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ. ಬಿಸಿ ಮೆಕ್ಕೆಜೋಳದ ರೊಟ್ಟಿಯಲ್ಲಿ ಸುತ್ತಿ, ಮೇಲೆ ಚಿಟಿಕೆ ಉಪ್ಪು. ಬಾಯಿಗಿಟ್ಟರೆ ಬೆಣ್ಣೆ. ಅದನ್ನ ಹಿರಿಯರಿಗೆ ಕೊಡದೆ ಬೇರೆಯವರು ತಿಂದದ್ದನ್ನ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಮನೆಗೆ ಹಿರಿಯಳು ಅತ್ತೆಯೇ. ನಿಕಾನೋರ್‌ನ ಹೆತ್ತವಳು ಬಾಣಂತಿಯಾಗೇ ಸತ್ತಳು, ಎತ್ತಿ ಸಾಕಿದ್ದು ಇವಳು. ಗಂಡಸಿನ ಎದೆಮಟ್ಟ ಹೊಂಡ ತೋಡೋದು, ಜಾಲಿ ಕಟ್ಟಿಗೆ ಸುಟ್ಟು ಕೆಂಡ ಮಾಡೋದು, ಕತ್ತಾಳೆ ಎಲೆ ಹಾಸೋದು, ಒದ್ದೆ ಗೋಣಿತಾಟಿನಲ್ಲಿ ತಲೆ ಸುತ್ತಿ ತಂತಿ ಬಿಗಿಯೋದು, ತಗಡು ಮುಚ್ಚಿ ಮಣ್ಣು ಎಳೆಯೋದು… ಎಲ್ಲ ಅವಳೇ ಕಲಿಸಿದ್ದು. ಹೀಗೆ ಬೆಂದ ತಲೆಮಾಂಸಕ್ಕೆ ನಮ್ಮಲ್ಲಿ ಬಾರ್ಬಕೋವಾ ಅಂತಾರೆ. ಬಾರ್ಬಕೋವಾ ಅಂದ್ರೆ ಎಲೋಯ್ಸಾಳ ಹೊಂಡದ್ದು ಅಂತ ನಾಲ್ಕು ಊರಿನ ಜನ ಭಾನುವಾರ ಬೆಳಿಗ್ಗೆ ಪಾತ್ರೆ ಹಿಡಿದು ಬರೋರು. ಒಂದು ಸಲ ನಾನೊಬ್ಬನೇ ಮೂರು ತಲೆಯ ಕೆನ್ನೆ ತಿಂದು, ಮೇಲೆ ಹೊಲ ಉತ್ತು ಬಂದಿದ್ದೆ. ಸಾಕ್ಷಿ ಹೇಳೋರು ಸತ್ತುಹೋಗಿದಾರೆ.

ಆಮೇಲೆ ಆ ವರ್ಷ ಮಳೆಗಾಲದಲ್ಲಿ ಮೂರು ಭಾನುವಾರ ಸಾಲಾಗಿ ತಲೆ ಹಸಿಯಾಗಿ ಮೇಲೆ ಬಂತು. ಚಾಕು ಹಾಕಿದ್ರೆ ರಕ್ತ. ಬಂದವರು ಖಾಲಿ ಪಾತ್ರೆ ಬಡಿದುಕೊಂಡು ವಾಪಸು ಹೋದ್ರು. ಆಗ ಯಾರೋ ಅಂದ್ರು, ಮುದುಕಿಯ ಬಿಳಿ ಕಣ್ಣಿನ ದೃಷ್ಟಿ ಹೊಂಡದ ಮೇಲೆ ಬೀಳ್ತಿದೆ ಅಂತ. ನಮ್ಮ ಜನಕ್ಕೆ ಅಷ್ಟು ಸಾಕು. ಕೆಟ್ಟ ಕಣ್ಣು ಬಿದ್ದ ಹೊಂಡ ಬೇಯಲ್ಲ, ಇದು ಎಲ್ಲರಿಗೂ ಗೊತ್ತಿದ್ದ ಮಾತು. ನಿಕಾನೋರ್ ಅವಳ ಹಾಸಿಗೆ ಸುತ್ತಿ, ಕೈ ಹಿಡಿದು ನಡೆಸಿಕೊಂಡು ಹೋಗಿ ಬಾವಿಯಾಚೆ ಗುಡಿಸಲಿಗೆ ಬಿಟ್ಟು ಬಂದ. ಅವಳು ಜಗಳ ಆಡಲಿಲ್ಲ. "ಸರಿ ಬಿಡು, ನನ್ನ ಪಾಲು ಮಾತ್ರ ಮರೀಬೇಡ" ಅಂದಳು.

ಆ ಮೂರು ವಾರ ಕಟ್ಟಿಗೆ ಕಡಿದು ತಂದದ್ದು ನಾನು. ಸ್ವಲ್ಪ ಹಸಿ ಇತ್ತು. ದೂರ ಹೋಗೋಕೆ ಬೇಜಾರಾಗಿ ಹೊಳೆ ಪಕ್ಕದ್ದೇ ಕಡಿದಿದ್ದೆ. ಆದ್ರೆ ಅದು ಬೇರೆ ಮಾತು.

ಆ ಭಾನುವಾರ ಏನಾಯ್ತು ಕೇಳಿ. ತಲೆ ಚೆನ್ನಾಗಿ ಬೆಂದಿತ್ತು. ನಿಕಾನೋರ್ ಕಣ್ಣು ಆರನ್ನೂ ಗಿರಾಕಿಗೆ ಕೊಟ್ಟುಬಿಟ್ಟ. "ಅತ್ತೆಗೆ?" ಅಂದೆ. ಅವನು ನಗ್ತಾ ಒಳಗೆ ಹೋಗಿ ಎರಡು ಸಣ್ಣ ಈರುಳ್ಳಿ ತಂದ. ಸುಲಿದು, ಕುದಿಸಿ, ಮೇಲೆ ಕೊಬ್ಬು ಸವರಿ ರೊಟ್ಟಿಯಲ್ಲಿ ಸುತ್ತಿದ.

"ತಗೊಂಡು ಹೋಗು. ಅವಳಿಗೆ ಕಾಣಿಸೋದು ಅಷ್ಟರಲ್ಲೇ ಇದೆ."

ಅಂಗಳದಲ್ಲಿದ್ದ ಗಂಡಸರೆಲ್ಲ ಹೋ ಅಂದ್ರು. ನಾನು ತಗೊಂಡು ಹೋದೆ. ಮುದುಕಿ ಎರಡೂ ಕೈ ಚಾಚಿ ಇಸಕೊಂಡಳು, ಮೂಸಿದಳು, ಬಾಯಿಗಿಟ್ಟಳು. ಪಚ್… ಪಚ್… ತುಂಬಾ ಹೊತ್ತು ಅಗಿದಳು.

"ನನ್ನ ನಾಲಗೆ ಸತ್ತುಹೋಗಿದೆ ಕಣೋ ಕ್ರಿಸ್ಪಿನ್. ರುಚಿನೇ ಗೊತ್ತಾಗ್ತಿಲ್ಲ. ನಿಕಾಗೆ ಹೇಳಬೇಡ, ಬೇಜಾರು ಮಾಡ್ಕೋತಾನೆ. ಚೆನ್ನಾಗಿತ್ತು ಅನ್ನು. ದೇವರು ಅವನ ಮನೆ ತಣ್ಣಗಿಡ್ಲಿ ಅನ್ನು."

ನಾನು ವಾಪಸು ಬಂದು ಹಾಗೇ ಅಭಿನಯಿಸಿ ತೋರಿಸಿದೆ. ಅವಳು ಅಗಿಯೋದು, ಅವಳು ಹರಸೋದು. ಅಭಿನಯದಲ್ಲಿ ನನ್ನ ಬಿಟ್ಟರಿಲ್ಲ. ಒಬ್ಬ ನಕ್ಕು ನಕ್ಕು ಬೆಂಚಿನಿಂದ ಬಿದ್ದ. ಬಾಗಿಲಲ್ಲಿ ನಿಕಾನೋರ್‌ನ ಮಗಳು ಅಂಪಾರೋ ನಿಂತಿದ್ದಳು. ಹತ್ತೊಂಬತ್ತು ವರ್ಷ. ಒಬ್ಬಳೇ ಮಗಳು. ಅವಳು ನಗಲಿಲ್ಲ.

"ಅಪ್ಪ, ಅಜ್ಜಿಗೆ ಏನು ಕಳಿಸಿದ್ರಿ?"

"ಅವಳಿಗೆ ಆಗಬೇಕಾದ್ದು ಕಳಿಸಿದ್ವಿ. ಹೋಗು, ರೊಟ್ಟಿ ಸೀಯ್ತಿದೆ."

ಆ ಹುಡುಗಿ ಒಂದು ತಿಂಗಳು ಅಪ್ಪನ ಹತ್ತಿರ ಮಾತಾಡಲಿಲ್ಲ. ನನ್ನ ಹತ್ತಿರ ಅದಕ್ಕಿಂತ ಹೆಚ್ಚು.

ನವೆಂಬರ್ ಕೊನೆಗೆ ಉತ್ತರದ ಗಾಳಿ ಬಂತು. ನಮ್ಮ ಕಡೆ ಅದು ಬಂದ್ರೆ ಒಂದೇ ಗಂಟೆಯಲ್ಲಿ ಬೆವರು ಹೆಪ್ಪುಗಟ್ಟುತ್ತೆ. ಶನಿವಾರ ರಾತ್ರಿ ನಾವು ಹೊಂಡದ ಹತ್ತಿರ ಬೆಚ್ಚಗೆ ಕೂತಿದ್ವಿ. ಭಾನುವಾರ ಬೆಳಿಗ್ಗೆ ಗಿರಾಕಿಗಳ ಗಲಾಟೆ. ಮಧ್ಯಾಹ್ನ ಎಲ್ಲ ಖರ್ಚಾದ ಮೇಲೆ ಅಂಪಾರೋ ಸಾರು ತಗೊಂಡು ಗುಡಿಸಲಿಗೆ ಹೋದಳು. ಓಡಿ ಬಂದಳು. ಅತ್ತೆ ಬಾಗಿಲ ಕಡೆ ಮುಖ ಮಾಡಿ ಕೂತಲ್ಲೇ ಸೆಟೆದಿದ್ದಳು. ಒಲೆ ಅಲ್ಲಿಡೋದು ಬೇಡ, ಕುರುಡಿ, ಗುಡಿಸಲಿಗೆ ಬೆಂಕಿ ಹಚ್ಚಿಕೊಳ್ತಾಳೆ ಅಂತ ನಿಕಾನೋರೇ ಒಲೆ ತೆಗೆಸಿದ್ದ.

ಹೂತ್ವಿ. ಅಳೋರು ಅತ್ತರು.

ಫೆಬ್ರವರಿಯಲ್ಲಿ ಅಂಪಾರೋ ಮದುವೆ. ನಲವತ್ತು ದಿನದ ಉಪವಾಸ ಶುರುವಾಗೋ ಮುಂಚೆ ಮುಗಿಸಬೇಕು ಅಂತ ಅವಸರ. ಗಂಡಿನ ಅಪ್ಪ ದೋನ್ ಬರ್ನಬೇ. ದೊಡ್ಡ ಜಮೀನು, ದೊಡ್ಡ ಹೊಟ್ಟೆ, ದೊಡ್ಡ ಬಾಯಿ. ಮಾತುಕತೆಯ ದಿನ ಎಲ್ಲರೆದುರು ಅಂದ:

"ನಿಕಾನೋರ್, ನಿಮ್ಮ ಹೊಂಡದಿಂದ ದನ ಜೀವಂತ ಎದ್ದು ಬರುತ್ತಂತಲ್ಲ? ನಾನು ಬರೋವಾಗ ಹಿಡಿಯೋಕೆ ಹಗ್ಗ ತರಲೋ, ತಿನ್ನೋಕೆ ಕೋಳಿ ತರಲೋ?"

ಅವನ ಕಡೆಯೋರೆಲ್ಲ ತೊಡೆ ತಟ್ಟಿ ನಕ್ಕರು. ನಿಕಾನೋರ್ ನಗಲಿಲ್ಲ. "ದೋನ್ ಬರ್ನಬೇ, ಹಸಿವು ತನ್ನಿ ಸಾಕು. ಒಂದು ತುಂಡು ಹಸಿ ಸಿಕ್ಕಿದ್ರೆ ನನ್ನ ಮಗಳನ್ನ ನಿಮ್ಮ ಮನೆಗೆ ಬರಿಗಾಲಲ್ಲಿ ಕಳಿಸ್ತೀನಿ," ಅಂದ. ಆ ರಾತ್ರಿಯಿಂದ ಅವನಿಗೆ ನಿದ್ದೆ ಇಲ್ಲ. ಬಾಯಿ ತೆಗೆದ್ರೆ ಹೊಂಡ. ಇನ್ನೂರು ಜನ. ಆರು ತಲೆ. ಕಟ್ಟಿಗೆಯನ್ನ ಅವನೇ ಮುಟ್ಟಿ ಮುಟ್ಟಿ ನೋಡಿ ತಂದ.

ಶನಿವಾರ ಬೆಳಿಗ್ಗೆ ಮದುವೆ. ಶುಕ್ರವಾರ ಸಂಜೆ ಹೊಂಡ ಮುಚ್ಚೋ ಹೊತ್ತಿಗೆ ತಗಡು ಸಾಲಲಿಲ್ಲ. ಆರು ತಲೆಯ ಹೊಂಡ ಅಂದ್ರೆ ಗಾಡಿ ನಿಲ್ಲಿಸೋಷ್ಟು ಅಗಲ. ಇನ್ನೊಂದು ದೊಡ್ಡ ತಗಡು ಬೇಕು. ಕತ್ತಲಾಗ್ತಿದೆ. ಕೆಂಡ ಆರ್ತಿದೆ.

"ಬಾವಿದು ತರೋಣ," ಅಂದ ನಿಕಾನೋರ್. "ಒಂದು ರಾತ್ರಿಗೆ ಏನಾಗುತ್ತೆ?"

ಹೋಗಿ ಎತ್ತಿಕೊಂಡು ಬಂದ್ವಿ. ಅವನು ಒಂದು ತುದಿ ಹಿಡಿದಿದ್ದ, ಭಾರ ಎಲ್ಲ ನನ್ನ ಕಡೆ. ಮುಚ್ಚಿದ್ವಿ, ಮಣ್ಣು ಎಳೆದ್ವಿ. ಆಗ ಅವನು ಅಂದ, "ಬಾವಿ ತೆರೆದಿದೆ ಅಂತ ಒಳಗೆ ಹೆಂಗಸರಿಗೆ ಹೇಳಿಬಿಡು."

"ಹೇಳ್ತೀನಿ," ಅಂದೆ.

ಅಷ್ಟರಲ್ಲಿ ಯಾರೋ ಬಾಟಲಿ ತಂದುಕೊಟ್ರು.

ಹೊಂಡ ಮುಚ್ಚಿದ ಮೇಲೆ ಕಟ್ಟುಪಾಡು ಒಂದೇ. ಬೆಳಕು ಹರಿಯೋವರೆಗೆ ತೆಗೆಯೋ ಹಾಗಿಲ್ಲ. ಅಪ್ಪ ಸತ್ತರೂ ತೆಗೆಯೋ ಹಾಗಿಲ್ಲ. ಒಂದು ಸಲ ಒಳಗೆ ಗಾಳಿ ಹೋಯ್ತೋ, ಆ ತಲೆ ಆಮೇಲೆ ಮೂರು ದಿನ ಇಟ್ಟರೂ ಬೇಯಲ್ಲ. ಎಲ್ಲಾದ್ರೂ ಹೊಗೆ ಕಂಡ್ರೆ ಅಲ್ಲಿಗೆ ಇನ್ನೊಂದು ಸಲಿಕೆ ಮಣ್ಣು.

ನಾವಿಬ್ಬರೇ ಕಾವಲು. ಮನೆಯೊಳಗೆ ಹೆಂಗಸರು ಹಿಟ್ಟು ನಾದ್ತಿದ್ರು. ನಗು, ರೇಡಿಯೋದಲ್ಲಿ ಹಾಡು, ಕೈಯಲ್ಲಿ ರೊಟ್ಟಿ ತಟ್ಟೋ ಸದ್ದು… ಪಟ್ ಪಟ್ ಪಟ್. ಹನ್ನೊಂದರ ಹೊತ್ತಿಗೆ ಒಂದೊಂದೇ ನಿಂತವು. ದೀಪ ಆರಿತು. ಉತ್ತರದ ಗಾಳಿ ಎದ್ದು ಜಾಲಿ ಮರದಲ್ಲಿ ಸುಯ್ಯ್ ಅನ್ನತೊಡಗಿತು.

ಆಮೇಲೆ…

ಡಬ್.

ಸ್ವಲ್ಪ ಹೊತ್ತು ಏನಿಲ್ಲ.

ಡುಬ್.

"ಕೇಳಿಸ್ತಾ?" ಅಂದೆ.

"ಕೆಂಡ ಸಿಡೀತು."

"ಕೆಂಡ ಸಿಡಿದ್ರೆ ಚಿಟ್ ಅನ್ನುತ್ತೆ ಕಣೋ. ಇದು ಡಬ್ ಅಂತಿದೆ."

ಡಬ್… ಡುಬ್… ಡಬ್… ನಮ್ಮ ಕಾಲ ಕೆಳಗೆ. ಮಣ್ಣಿನಡಿ ಇದ್ದ ತಗಡನ್ನ ಯಾರೋ ಒಳಗಿಂದ ಅಂಗೈಲಿ ಬಡೀತಿದಾರೆ. ಮೇಲಿದ್ದ ಮಣ್ಣು ಸಣ್ಣಗೆ ಕುಣೀತಿತ್ತು. ನಾನು ಈ ಕಣ್ಣಿಂದ ಕಂಡೆ.

"ಮಾಟಗಾತಿ ಗೂಬೆ," ಅಂದ ನಿಕಾನೋರ್. ಮಾಟಗಾತಿ ರಾತ್ರಿ ಗೂಬೆಯಾಗಿ ಬರ್ತಾಳೆ, ಬೈಗುಳಕ್ಕೆ ಹೆದರ್ತಾಳೆ ಅಂತ ನಮ್ಮ ಕಡೆ ನಂಬಿಕೆ. "ಬೈಯಿ ಅದನ್ನ. ಬೈದ್ರೆ ಹೋಗುತ್ತೆ."

"ಗೂಬೆ ಮಣ್ಣೊಳಗೆ ಇರುತ್ತೇನೋ?"

"ಬೈಯೋ ಮುಂಡೇದೇ!"

ಬೈದೆ. ಸೈನ್ಯದಲ್ಲಿ ಮೂರು ಭಾಷೆಯಲ್ಲಿ ಕಲಿತದ್ದೆಲ್ಲ ಬೈದೆ. ಪಾದ್ರಿ ಕೇಳಿದ್ರೆ ಅಲ್ಲೇ ಪ್ರಾಣ ಬಿಡ್ತಿದ್ದ. ನಾನು ಉಸಿರು ತಗೊಳ್ಳೋಕೆ ನಿಲ್ಲಿಸಿದಾಗ…

"ನಿಕಾ…"

ಕೆಳಗಿಂದ. ಹಲ್ಲಿಲ್ಲದ ಬಾಯಿಯ ಧ್ವನಿ.

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

"ಈಗ ಬೈಲಾ?" ಅಂದೆ. "ನಮ್ಮತ್ತೆ ಅದು."

"ನಿಕಾ… ಬಾರೋ… ಬೇಗ ಬಾ."

ಅವನು ಮೊಣಕಾಲೂರಿ ಕೂತ. ಬಾಯಿ ಮಣ್ಣಿಗೆ ಹತ್ತಿರ ತಂದ. ಮಗುವಿಗೆ ಹೇಳೋ ಹಾಗೆ ಪಿಸುಗುಟ್ಟಿದ.

"ಅತ್ತೆ… ಪಾಲು ಬೇಕಾ? ಕೊಡ್ತೀನಿ. ಆರೂ ತಲೆದು. ಹನ್ನೆರಡು ಕಣ್ಣೂ ನಿನಗೇ. ಬೆಳಿಗ್ಗೆ ನಾನೇ ತಂದು ನಿನ್ನ ಸಮಾಧಿ ಮೇಲಿಡ್ತೀನಿ. ಈಗ ಸುಮ್ನಿರು. ನನ್ನ ಮಗಳ ಮದುವೆ, ಅತ್ತೆ."

"ಬೇಡ…" ಅಂತು ಧ್ವನಿ. "ಬಾ."

ಡಬ್… ಡುಬ್… ಡಬ್… ಡುಬ್…

"ಬೇಡವಂತೆ," ಅಂದೆ.

"ಕೇಳಿಸ್ತು." ಅವನು ಎದ್ದು ನಿಂತ. "ಪಾಲು ಬೇಡ. ಹಾಗಾದ್ರೆ ಅವಳಿಗೆ ಬೇಕಾದ್ದು ಇಷ್ಟೇ. ನಾನು ಹೊಂಡ ತೆಗೀಬೇಕು. ನಾಳೆ ಬರ್ನಬೇ ಬಾಯಿಗೆ ರಕ್ತದ ಮಾಂಸ ಬೀಳಬೇಕು. ನನ್ನ ಮಗಳು ಬರಿಗಾಲಲ್ಲಿ ಹೋಗಬೇಕು. ಬದುಕಿದ್ದಾಗ ಮೂರು ಹೊಂಡ ಕೆಡಿಸಿದಳು, ಸಾಲಲಿಲ್ಲ."

ನನ್ನ ಬಾಯಿ ತುದಿಗೆ ಹಸಿ ಕಟ್ಟಿಗೆ ಮಾತು ಬಂತು. ನುಂಗಿದೆ.

"ಒಂದು ಮೂಲೆ ಎತ್ತಿ ನೋಡೋಣ್ವಾ ನಿಕಾನೋರ್? ಇಷ್ಟೇ ಇಷ್ಟು?"

ಅವನು ಸಲಿಕೆ ಎತ್ತಿದ. ಮಣ್ಣಿಗಲ್ಲ, ನನಗೆ. "ಕೈ ಹಾಕಿ ನೋಡು. ಏಳನೇ ತಲೆ ನಿಂದಾಗುತ್ತೆ."

ನಾನು ಹೆದರಿದೆ ಅಂತಲ್ಲ. ಚೀನೀ ಸೈನ್ಯಕ್ಕೆ ಹೆದರದವನು ನಾನು. ಆದ್ರೂ ಕೈ ಹಿಂದಕ್ಕೆ ತಗೊಂಡೆ.

ಅವನು ಮಣ್ಣು ಹಾಕಿದ. ಧಪ್… ಧಪ್… "ತಗೋ. ಇದು ನಿನ್ನ ಪಾಲು. ತಗೋ." ನನಗೂ ಸಲಿಕೆ ಎಸೆದ. ನಾನೂ ಹಾಕಿದೆ. ಎಷ್ಟು ಹಾಕಿದೆ ಅಂತ ಕೇಳಬೇಡಿ, ನಾನು ಕೆಲಸಕ್ಕೆ ನಿಂತ್ರೆ ಇಬ್ಬರಷ್ಟು ಮಾಡೋನು. ಹೊಂಡದ ಮೇಲೆ ಮಣ್ಣು ಸೊಂಟದೆತ್ತರ ಗುಡ್ಡೆ ಆಯ್ತು. ಆದ್ರೂ ಸದ್ದು ನಿಲ್ಲಲಿಲ್ಲ. ಸಣ್ಣದಾಯ್ತು, ಅಷ್ಟೇ. ಡಬ್… ಡುಬ್… ನಿಕಾ… ಬಾ…

ಎರಡು ಗಂಟೆ ಇರಬಹುದು. ನಾನು ಗುಡ್ಡೆಯ ಮೇಲೆ ಕಿವಿ ಇಟ್ಟು ಮಲಗಿದೆ. ಮಣ್ಣು ಬೆಚ್ಚಗಿತ್ತು. ಒಳಗೆ ಕೆಂಡದ ಸದ್ದಿಲ್ಲ. ಉಸಿರು. ಭಾರ ಹೊತ್ತವರು ಹಲ್ಲು ಕಚ್ಚಿ ಬಿಡೋ ಉಸಿರು… ಹ್ಞೂಂ… ಹ್ಞೂಂ… ನಾನು ಜೀವನಪೂರ್ತಿ ಮೂಟೆ ಹೊತ್ತವನು, ಆ ಉಸಿರು ನನಗೆ ಗೊತ್ತು. ಕೈ ಬಿಡಬಾರದು, ಬಿಟ್ಟರೆ ಮುಗೀತು ಅನ್ನೋವಾಗ ಬರೋ ಉಸಿರು.

"ಏನಂತೆ?" ಅಂದ ನಿಕಾನೋರ್.

"ಏನೋ ಎತ್ತಿಕೊಂಡು ನಿಂತಿದಾಳೆ."

"ತಲೆ ಎತ್ಕೊಂಡು ಓಡಿಹೋಗ್ತಾಳೇನೋ ಹೊಟ್ಟೆಬಾಕಿ!" ಅಂತ ನಕ್ಕ. ಬಾಟಲಿ ನನಗೆ ಕೊಟ್ಟ. ನಾನೂ ನಕ್ಕೆ. ನಗದೆ ಏನು ಮಾಡ್ಲಿ, ಇಡೀ ರಾತ್ರಿ ಅವನೊಬ್ಬನ ಜೊತೆ ಕೂರಬೇಕು.

ಇನ್ನೂ ಬೆಳಕು ಬಂದಿರಲಿಲ್ಲ, ಹಿತ್ತಲ ಹುಂಜ ಕೂಗಿತು. ಆ ಕ್ಷಣಕ್ಕೆ ಬಡಿತ ನಿಂತಿತು. ಕಾಲಡಿಯಿಂದ ಒಂದು ಉದ್ದ ಉಸಿರು… ಹಾ… ಅಂತ. ಆಮೇಲೆ ಒಂದು ಸದ್ದು. ಇವತ್ತಿಗೂ ನಾನು ನೀರು ಸೇದೋ ಕಡೆ ನಿಲ್ಲಲ್ಲ, ಆ ಸದ್ದಿಗೆ.

ಗುಳುಂ.

"ಹೊಂಡದಲ್ಲಿ ನೀರೆಲ್ಲಿಂದ ಬಂತೋ?" ಅಂದೆ.

"ನಿನ್ನ ಹೊಟ್ಟೆಯಲ್ಲಿರೋದು ಅಲ್ಲಾಡ್ತಿದೆ," ಅಂದ. "ಗೆದ್ವಿ ಕ್ರಿಸ್ಪಿನ್! ಹೋದಳು!" ನನ್ನ ಅಪ್ಪಿಕೊಂಡ. ನನ್ನ ಬೆನ್ನ ಮೇಲೆ ಗುದ್ದಿದ.

ಬೆಳಕು ಹರಿದ ಮೇಲೆ ಮಣ್ಣು ಸರಿಸಿದ್ವಿ. ತಗಡು ಎತ್ತಿದ್ವಿ. ಆ ವಾಸನೆ… ಏನು ಹೇಳಲಿ. ತಂತಿ ಕತ್ತರಿಸಿ ಗೋಣಿ ಬಿಡಿಸಿದ್ರೆ ಮಾಂಸ ತಾನಾಗೇ ಎಲುಬು ಬಿಟ್ಟು ಕೂತಿತ್ತು. ಆರಕ್ಕೆ ಆರೂ. ಎಲ್ಲ ಕಣ್ಣೂ ಇದ್ದಲ್ಲೇ ಇದ್ವು. ಯಾರೂ ಏನೂ ಮುಟ್ಟಿರಲಿಲ್ಲ. ಅತ್ತೆಯ ಕಾಲದಲ್ಲೂ ಅಂಥ ಹೊಂಡ ಬಿದ್ದದ್ದಿಲ್ಲ. ನಿಕಾನೋರ್ ಕೆನ್ನೆಯ ಒಂದು ಎಳೆ ಕಿತ್ತು ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ಬಂತು ಅವನಿಗೆ.

ಆಗ ಅವನ ಹೆಂಡತಿ ಎರ್ಲಿಂಡಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನ್ರೀ, ಅಂಪಾರೋ ಇಲ್ಲಿಗೆ ಬಂದಳಾ?"

"ಇಲ್ಲಿಗ್ಯಾಕೆ ಬರ್ತಾಳೆ? ಎಬ್ಬಿಸು, ಕೊರಡಿನ ಹಾಗೆ ಮಲಗಿರ್ತಾಳೆ."

"ಹಾಸಿಗೆ ಮಡಿಸಿದ್ದು ಮಡಿಸಿದ ಹಾಗೇ ಇದೆ. ಪಕ್ಕದ ಮನೆ ಹುಡುಗಿಯರ ಜೊತೆ ಮಲಗಿದಾಳೆ ಅಂದ್ಕೊಂಡೆ. ಅಲ್ಲೂ ಇಲ್ಲ." ಆಮೇಲೆ ನೆನಪು ಮಾಡ್ಕೊಂಡು ಹೇಳಿದಳು. "ರಾತ್ರಿ ಹನ್ನೊಂದಕ್ಕೆ, ಅಜ್ಜಿ ಹರಸದೆ ನಾನು ಹೇಗೆ ಮದುವೆ ಆಗ್ಲಿ, ಒಂದು ತಟ್ಟೆ ರೊಟ್ಟಿ ಗುಡಿಸಲಲ್ಲಿಟ್ಟು ಮೊಣಕಾಲೂರಿ ಬರ್ತೀನಿ ಅಂದಳು. ಹೋಗು ಅಂದೆ. ಬಾವಿ ಹತ್ತಿರ ತಾನೇ…"

ಅವಳ ಕಣ್ಣು ಹೊಂಡದ ಪಕ್ಕ ಬಿದ್ದಿದ್ದ ತಗಡಿನ ಮೇಲೆ ನಿಂತಿತು.

"ಇದು ಬಾವಿದಲ್ವಾ?" ಅಂದಳು.

ನಿಕಾನೋರ್ ನನ್ನ ಕಡೆ ತಿರುಗಿದ. "ಹೇಳಿದ್ಯಲ್ಲ?"

ನಾನು ಆಗಲೇ ಬಾವಿ ಕಡೆ ಹೊರಟಿದ್ದೆ.

ಓಡಿದ್ವಿ. ಬಾವಿಕಟ್ಟೆ ಮೇಲೆ ತಟ್ಟೆ ಇತ್ತು. ರೊಟ್ಟಿ ಮೇಲೆ ಬಟ್ಟೆ ಮುಚ್ಚಿತ್ತು, ಬಟ್ಟೆ ಹಾರದ ಹಾಗೆ ಮೇಲೊಂದು ಕಲ್ಲು. ಎಲ್ಲರ ಹಾಗೆ ಅವಳೂ ತಟ್ಟೆ ಪಕ್ಕಕ್ಕಿಟ್ಟು ಕತ್ತಲಲ್ಲಿ ತಗಡಿನ ಮೇಲೆ ಕೂರೋಕೆ ಹೋಗಿದಾ­ಳೆ.

ಹಗ್ಗ ಕಟ್ಟಿಕೊಂಡು ಇಳಿದದ್ದು ನಾನು. ಐವತ್ತು ಅಡಿ. ಬೇರೆ ಯಾರಿಗೂ ಧೈರ್ಯ ಇರಲಿಲ್ಲ. ನೀರು ಎರಡಾಳು ಆಳ, ಮಂಜಿನ ಹಾಗೆ ಕೊರೀತಿತ್ತು. ಕಾಲೂರೋಕೆ ಕಲ್ಲಿಲ್ಲ, ಹಿಡಿಯೋಕೆ ಬೇರಿಲ್ಲ. ಈಜು ಬಾರದ ಹುಡುಗಿ. ಮುಳುಗಿ ತಡಕಿ ತಂದೆ. ಅವಳ ಮೈ ಇನ್ನೂ ಬಗ್ಗುತ್ತಿತ್ತು, ಸೆಟೆದಿರಲಿಲ್ಲ. ಸತ್ತು ಎರಡು ಗಂಟೆಯೂ ಆಗಿಲ್ಲ ಅಂತ ಆಮೇಲೆ ಬಂದ ಡಾಕ್ಟರ್ ಹೇಳಿದ. "ಈ ಚಳಿ ನೀರಲ್ಲಿ ಈಜು ಬಾರದವಳು ಬೆಳಗಿನ ಜಾವದವರೆಗೆ ಹೇಗೆ ಮೇಲಿದ್ದಳು?" ಅಂತ ನಮ್ಮನ್ನೇ ಕೇಳಿದ.

ರೊಟ್ಟಿ ತಟ್ಟಿದ ಮೇಜಿನ ಮೇಲೇ ಮಲಗಿಸಿದ್ರು. ಹೆಂಗಸರು ಬಾಗಿಲು ಹಾಕಿಕೊಂಡ್ರು.

ಒಂಬತ್ತು ಗಂಟೆಗೆ ಗಂಡಿನ ಕಡೆಯೋರು ಬಂದ್ರು, ಕೊಂಬು ವಾದ್ಯ ಊದ್ತಾ. ಅಂಗಳದಲ್ಲಿ ವಾದ್ಯ ಒಂದೊಂದೇ ನಿಂತಿತು. ಯಾರಿಗೂ ಏನು ಮಾಡಬೇಕೋ ಗೊತ್ತಾಗಲಿಲ್ಲ. ಇನ್ನೂರು ಜನ, ಕೆಲವರು ರಾತ್ರಿಯೆಲ್ಲ ಲಾರಿಯಲ್ಲಿ ಬಂದವರು, ಮಕ್ಕಳು ಅಳ್ತಿದ್ವು. ಮಾಂಸ ಅಲ್ಲೇ ಬಿಸಿಯಾಗಿ ಹೊಗೆಯಾಡ್ತಿತ್ತು. ಮೊದಲು ಮಕ್ಕಳಿಗೆ ಕೊಟ್ರು. ಆಮೇಲೆ ಮುದುಕರಿಗೆ. ಆಮೇಲೆ ಎಲ್ಲರೂ ತಿಂದ್ರು. ತಲೆ ತಗ್ಗಿಸಿ, ಮಾತಿಲ್ಲದೆ, ಅಗಿಯೋ ಸದ್ದು ಮಾತ್ರ. ದೋನ್ ಬರ್ನಬೇ ಮೂರು ಸಲ ಹಾಕಿಸಿಕೊಂಡ. ತಿಂದು, ಕೈ ಒರೆಸಿ, ನಿಕಾನೋರ್‌ನ ಹೆಗಲ ಮೇಲೆ ಆ ಕೈ ಇಟ್ಟು ಅಂದ:

"ಮಾತು ವಾಪಸು ತಗೊಂಡೆ ಕಣಪ್ಪ. ಇಂಥದ್ದು ನಾನು ತಿಂದಿಲ್ಲ."

ನಾನೂ ತಿಂದೆ. ಸುಳ್ಳು ಯಾಕೆ ಹೇಳ್ಲಿ? ಅಷ್ಟು ರುಚಿ ನಾನೂ ಕಂಡಿಲ್ಲ.

ಆಗ ಎರ್ಲಿಂಡಾ ಬಾಗಿಲು ತೆಗೆದು ಗಂಡನನ್ನ ಕರೆದಳು. ನನ್ನನ್ನೂ ಕರೆದಳು. ಅಳ್ತಿರಲಿಲ್ಲ ಅವಳು. ಮೇಜಿನ ಹತ್ತಿರ ಕರಕೊಂಡು ಹೋಗಿ ಹುಡುಗಿಯ ಒಂದು ತೋಳು ಎತ್ತಿದಳು, ಇನ್ನೊಂದು ತೋಳು ಎತ್ತಿದಳು.

"ರಾತ್ರಿಯೆಲ್ಲ ಇವಳನ್ನ ಯಾರೋ ಎತ್ತಿ ಹಿಡ್ಕೊಂಡಿದ್ರು," ಅಂದಳು. "ನೀವೆಲ್ಲಿದ್ರಿ?"

ನಿಕಾನೋರ್ ಅಲ್ಲೇ ಕೂತುಬಿಟ್ಟ. ಅವನು ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಮಾತಾಡಲಿಲ್ಲ, ಸಲಿಕೆ ಮುಟ್ಟಲಿಲ್ಲ.

ನಂಬದಿದ್ರೆ ಬಿಡಿ. ಆ ಮನೆಯ ನೆಲ ಪೂರ್ತಿ ನೀರು. ಹುಡುಗಿಯ ಜಡೆಯಿಂದ ನೀರು, ಲಂಗದಿಂದ ನೀರು, ಮೇಜಿನ ನಾಲ್ಕು ಅಂಚಿನಿಂದಲೂ ತೊಟ್ಟಿಕ್ಕುತ್ತಿತ್ತು. ಅವಳ ರವಿಕೆಯಲ್ಲಿ ಕಂಕುಳ ಕೆಳಗೆ ಎರಡು ಕಡೆ ಮಾತ್ರ ಬಟ್ಟೆ ಗರಿಗರಿ ಒಣಗಿತ್ತು. ಆ ಕಡೆ ಒಂದು ಕೈಯಗಲ, ಈ ಕಡೆ ಒಂದು ಕೈಯಗಲ. ಬಾವಿ ತಳದಿಂದ ತಂದವನು ನಾನು. ಮುಟ್ಟಿ ನೋಡಿದವನೂ ನಾನು. ಬೆರಳಿನ ಗುರುತು ಬೇರೆ ಬೇರೆ ಕಾಣ್ತಿತ್ತು. ನನಗೆ ಓದು ಬರಲ್ಲ, ಬರಹ ಬರಲ್ಲ, ಹತ್ತರವರೆಗೆ ಎಣಿಸೋಕೆ ಬರುತ್ತೆ.

ಎಣಿಸಿದೆ. ಹತ್ತಿದ್ವು.